ಅಟ್ಟದ ಮೇಲಿನ ಕೆಮ್ಮು, ತಲೆಗೆ ಬಿದ್ದ ಮಚ್ಚು

ಈ ತಲೆನೋವು ನನಗೆ ಒಂದು ಅಟ್ಟ ಕೊಬ್ಬರಿಯ ಬೆಲೆಗೆ ಬಿತ್ತು. ಡಾಕ್ಟರ ಫೀಸು, ಸ್ಕ್ಯಾನು, ಮಾತ್ರೆ ಎಲ್ಲ ಸೇರಿಸಿದರೂ ಅದರ ಮುಂದೆ ಚಿಲ್ಲರೆ. ಹಾಲ್ಕುರಿಕೆ ಕಡೆಯ ಒಬ್ಬ ಯಜಮಾನರ ಮನೆಯಲ್ಲಿ ಒಣಗಿ ಕಾಯುತ್ತಿದ್ದ ಮಾಲು, ಹೆಚ್ಚುಕಡಿಮೆ ನನ್ನದೇ ಆಗಿದ್ದದ್ದು, ಎದುರು ವ್ಯಾಪಾರಿಯ ಲಾರಿ ಹತ್ತಿತು. ಹತ್ತಲಿ ಎಂದು ನಾನೇ ಬಿಟ್ಟೆ. ಚೌಕಾಸಿಯಲ್ಲಿ ಒಂದು ರೂಪಾಯಿ ಬಿಡದ ನಾನು ಅಷ್ಟು ದೊಡ್ಡ ಮಾಲು ಯಾಕೆ ಬಿಟ್ಟೆ, ಬಿಟ್ಟಿದ್ದಕ್ಕೆ ಈಗಲೂ ಯಾಕೆ ಕುಣಿಯುವಷ್ಟು ಖುಷಿ ಅನ್ನುವುದನ್ನು ಹೇಳುತ್ತೇನೆ. ಕೆಮ್ಮಿದಾಗ ತಲೆ ಹಿಡಿದುಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಾನು ಕೊಟ್ಟ ಬೆಲೆ ಅವರಿಗಾದರೂ ಉಳಿಯಲಿ.

ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗುತ್ತದೆ, ತಿರುಳು ಕರಟದಿಂದ ಬಿಡಿಸಿಕೊಂಡು ಇಡೀ ಉಂಡೆಯಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಮಂಕಾಗಿ ಸದ್ದು ಬಂದರೆ ಇನ್ನೂ ಹಸಿ, ಸದ್ದೇ ಇಲ್ಲದಿದ್ದರೆ ಒಳಗೆ ಕೊಳೆತಿದೆ. ಕೊಳ್ಳುವವರು ಅಟ್ಟ ಹತ್ತಲೇಬೇಕು. ಏಣಿ ಪಕ್ಕದ ನಾಲ್ಕು ಕಾಯಿ ಅಲ್ಲಾಡಿಸಿ ಇಡೀ ಅಟ್ಟಕ್ಕೆ ರೇಟು ಹೇಳಿದವರು ಮುಳುಗುತ್ತಾರೆ. ಗೋಡೆ ಮೂಲೆಯದು, ಸೋರುವ ಹೆಂಚಿನ ಕೆಳಗಿನದು, ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡದ್ದು, ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ಕಾಯಿ ಒಡೆಯುವ ಕೂಲಿಗೆ ಹೋಗುತ್ತಿದ್ದ ನಾನು ಮಾಲು ಕೊಳ್ಳುವವಳಾಗಿದ್ದು ಈ ಕಿವಿಯಿಂದ, ಮತ್ತೆ ಗಂಟಲಿನಿಂದ.

ಹಾಲ್ಕುರಿಕೆಯ ಆ ಯಜಮಾನರದ್ದು ಒಂದು ಪದ್ಧತಿ. ರೇಟನ್ನು ಅಟ್ಟದ ಮೇಲೆ ಕೂತೇ ಹೇಳಬೇಕು. ಕೆಳಗಿಳಿದು ಕಾಫಿ ಕುಡಿದು ಮಾತು ಬದಲಾಯಿಸುವಂತಿಲ್ಲ. ಅವರೂ ಬದಲಾಯಿಸುವುದಿಲ್ಲ. ನನಗೆ ಅಂಥವರ ಜೊತೆ ವ್ಯಾಪಾರ ಮಾಡುವುದೆಂದರೆ ಹಬ್ಬ.

ಮೊದಲ ಸಲ ಮಾಲು ನೋಡಲು ಹೋದ ದಿನ ಮೂಲೆಯಲ್ಲಿ ಕೂತು ಒಂದು ಕಾಯಿಯನ್ನು ಕಿವಿಗೆ ಹಿಡಿದಿದ್ದೆ. ಕೆಲವು ತಿಂಗಳಿಂದ ಒಂದು ಒಣ ಕೆಮ್ಮು ನನ್ನ ಬೆನ್ನು ಹತ್ತಿತ್ತು. ಅದು ಬಂತು, ಕೆಮ್ಮಿದೆ. ಕೆಮ್ಮಿದ ಕ್ಷಣಕ್ಕೆ ತಲೆಯ ಎರಡೂ ಕಡೆ, ಒಳಗಿನಿಂದ, ಮಚ್ಚಿನ ಬೆನ್ನಿನಿಂದ ಕರಟಕ್ಕೆ ಹೊಡೆದ ಹಾಗೆ ಒಂದು ಏಟು ಬಿತ್ತು. ಕಣ್ಣು ಮಂಜಾಗಲಿಲ್ಲ, ವಾಂತಿ ಬರಲಿಲ್ಲ. ಬರೀ ನೋವು, ಆದರೆ ಎಂಥ ನೋವು! ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಕೈಬಿಟ್ಟ ಕಾಯಿ ಉರುಳಿ, ಏಣಿಯ ಸಂದಿಯಿಂದ ಜಾರಿ ಯಜಮಾನರ ಕಾಲ ಹತ್ತಿರ ಬಿತ್ತು.

"ಯಾಕವ್ವಾ, ಈ ಕಾಯಿ ಬ್ಯಾಡ್ವಾ?" ಅಂದರು ಅವರು ಕೆಳಗಿನಿಂದ.

"ಬೇಕು ಯಜಮಾನ್ರೇ, ಎಲ್ಲಾ ಬೇಕು. ಒಸಿ ತಡೀರಿ."

ಅಷ್ಟು ಹೇಳುವಷ್ಟರಲ್ಲಿ ನೋವು ಇಳಿಯತೊಡಗಿತ್ತು. ಏಣಿ ಇಳಿದಾಗ ಪೂರ್ತಿ ಮಾಯ! ನನಗೆ ಮೋಸ ಮಾಡಿದ್ದೇ ಅದು. ಉಳಿದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗುತ್ತಿದ್ದೆ.

"ಮಾಲು ಇನ್ನೊಸಿ ಮಾಗ್ಲಿ," ಅಂದರು ಯಜಮಾನರು. "ಹೇಳಿ ಕಳಿಸ್ತೀನಿ. ಆವತ್ತು ನೀನೇ ಬಂದು, ನೀನೇ ಹತ್ತಿ ರೇಟು ಹೇಳ್ಬೇಕು. ಆಳನ್ನ ಕಳ್ಸುದ್ರೆ ಮಾತಿಲ್ಲ."

"ನಾನಲ್ದೆ ಇನ್ಯಾರು ಬತ್ತಾರೆ ಬುಡಿ," ಅಂದು ಬಂದೆ.

ಆಮೇಲೆ ನೋವು ನನ್ನನ್ನು ಬಿಡಲಿಲ್ಲ. ಕೆಮ್ಮಿದರೆ ಏಟು, ಸೀನಿದರೆ ಏಟು, ಬಗ್ಗಿ ಮೂಟೆ ಎತ್ತಿದರೆ ಏಟು. ನಕ್ಕರೂ ಏಟು! ಕೂತಾಗ, ಮಲಗಿದಾಗ, ಊಟ ಮಾಡುವಾಗ ತಲೆ ಹೂವಿನ ಹಾಗಿರುತ್ತಿತ್ತು. ಒಂದು ಕೆಮ್ಮು ಬಂತೋ, ಮಚ್ಚು ಬಿತ್ತು. ಒಂದು ನಿಮಿಷ, ಎರಡು ನಿಮಿಷ, ಮತ್ತೆ ಏನೂ ಇಲ್ಲ. ನಮ್ಮ ಕೆಲಸದಲ್ಲಿ ದನಿ ಏರಿಸದೆ ರೇಟು ಇಳಿಯುವುದಿಲ್ಲ. ದನಿ ಏರಿಸಿದರೆ ಕೆಮ್ಮು, ಕೆಮ್ಮಿದರೆ ತಲೆ. ನಾನು ಮೆಲ್ಲಗೆ ಮಾತಾಡುವುದನ್ನು ನೋಡಿ ಎದುರು ಪಾರ್ಟಿಗಳು ನನ್ನ ಕೈಯಲ್ಲಿ ದುಡ್ಡಿಲ್ಲ ಅಂದುಕೊಂಡರು.

ಕೊಬ್ಬರಿ ಮಂಡಿಯ ಮುಂದೆ ನನ್ನ ಎದುರು ವ್ಯಾಪಾರಿ ಒಂದು ದಿನ ಎಲ್ಲರಿಗೂ ಕೇಳುವ ಹಾಗೆ ಅಂದ: "ಅಕ್ಕನ ತಲೆನೂ ಒಣಗಿ ಕೊಬ್ರಿ ಆಗೈತೆ ಕಣ್ಲಾ! ಅಲ್ಲಾಡ್ಸುದ್ರೆ ಸದ್ದು ಬತ್ತದೆ."

ಮಾತು ಚೆನ್ನಾಗಿತ್ತು, ನನಗೂ ನಗು ಬಂತು. ನಕ್ಕ ತಕ್ಷಣ ತಲೆಗೆ ಬಿತ್ತು. ಮುಖ ಕಿವಿಚಿಕೊಂಡು ಕೂತೆ. ಅಕ್ಕನಿಗೆ ಸಿಟ್ಟು ಬಂದಿದೆ ಎಂದು ಅವನು ಮೆತ್ತಗೆ ಜಾಗ ಖಾಲಿ ಮಾಡಿದ.

ಎಲ್ಲರ ತೀರ್ಮಾನವೂ ಒಂದೇ: ಅಟ್ಟದ ಧೂಳು. ಸಿಪ್ಪೆಯ ನಾರು, ಬೂಷ್ಟು, ಇಲಿ ಹಿಕ್ಕೆ, ಒಲೆಯ ಹೊಗೆ ಎಲ್ಲ ಸೇರಿ ಅಟ್ಟದಲ್ಲಿ ಒಂದು ಬೆರಳು ದಪ್ಪ ಕೂತಿರುತ್ತದೆ. ಅದನ್ನು ಉಸಿರಾಡಿ ಕೆಮ್ಮು, ಕೆಮ್ಮಿ ಕೆಮ್ಮಿ ತಲೆನೋವು. ನಾನೂ ಹಾಗೇ ನಂಬಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಹತ್ತಿದೆ. ಸಿರಪ್ ಕುಡಿದೆ, ಹಬೆ ತಗೊಂಡೆ, ಶುಂಠಿ ಕಷಾಯ ಕುಡಿದೆ. ಸೈನಸ್ ಇರಬಹುದೆಂದು ಮಾತ್ರೆ ನುಂಗಿದೆ, ಕಣ್ಣಿರಬಹುದೆಂದು ಕನ್ನಡಕ ಬದಲಾಯಿಸಿದೆ. ಯಾವುದಕ್ಕೂ ನೋವು ಜಗ್ಗಲಿಲ್ಲ. "ಅಟ್ಟ ಹತ್ತೋದು ಬುಡು. ಮನೆ ಮುಂದೆ ಒಂದು ಅಂಗಡಿ ಹಾಕ್ಕೊಂಡು ಕೂತ್ಕೊ," ಅಂದರು ನಮ್ಮ ಮನೆಯವರು. ಅವರು ಹೇಳಿದ್ದು ಪ್ರೀತಿಯಿಂದಲೇ. ನನಗೆ ಮಾತ್ರ ಕೈ ಕಟ್ಟಿ ಹಾಕಿದ ಹಾಗಾಯಿತು. ಅಟ್ಟ ಹತ್ತದ ಕೊಬ್ಬರಿ ವ್ಯಾಪಾರ ಯಾರ ವ್ಯಾಪಾರ? ಧೂಳೇ ಕಾರಣವಾದರೆ ನನ್ನ ಕೆಲಸ ಮುಗಿಯಿತು. ರಾತ್ರಿ ಹೊರಳಾಡುವಾಗ ಇನ್ನೊಂದು ಹೆದರಿಕೆ, ಯಾರಿಗೂ ಹೇಳದ್ದು: ಒಳಗೆ ಗಡ್ಡೆಗಿಡ್ಡೆ ಇದ್ದರೆ?

ಆಮೇಲೆ ಹೊಳೆಯಿತು, ಇದು ಬಿ.ಪಿ. ಇರಬೇಕು ಎಂದು. ಬಿ.ಪಿ. ಮಾತ್ರೆ ದಿನಾ ಒಂದು ತಗೊಳ್ಳುತ್ತಿದ್ದೆ. ನಾನೇ ಡಾಕ್ಟರಾಗಿ ಸಂಜೆಗೂ ಒಂದು ಏರಿಸಿದೆ. ಮಾರನೆಯ ದಿನ ನೊಣವಿನಕೆರೆಯಲ್ಲಿ ಏಣಿಯ ನಡುವೆ ತಲೆ ತಿರುಗಿತು. ನನ್ನ ಮಾಲು ಸಾಗಿಸುವ ಟೆಂಪೋ ಭಾಯ್ ಕೆಳಗೇ ಇದ್ದ. ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡ.

"ಅರೆ ಅಕ್ಕಾ, ಮೂಟೆ ಎಷ್ಟಾದ್ರೂ ಹೊರ್ತೀನಿ, ನಿನ್ನ ಹೊರಾಕೆ ಆಗಲ್ಲ! ಇಳಿ, ಮೊದ್ಲು ಡಾಕ್ಟರ ಹತ್ರ ನಡಿ."

"ಈ ಲೋಡು?"

"ಲೋಡು ಓಡೋಗಲ್ಲ. ನೀನು ಹೋಗ್ಬುಡ್ತೀಯ."

ತಿಪಟೂರಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತಾಳ್ಮೆಯಿಂದ ಕೇಳಿಸಿಕೊಂಡರು. ಅವರ ಪ್ರಶ್ನೆಗಳು ಮಾಲು ನೋಡುವವರ ಪ್ರಶ್ನೆಗಳ ಹಾಗೇ ಇದ್ದವು, ಮೂಲೆ ಮೂಲೆ ಕೆದಕುವಂಥವು. ನೋವು ಎರಡೂ ಕಡೆಯಾ, ಹಿಂದಲೆಯಲ್ಲಿಯಾ? ಕೆಮ್ಮಿದ ತಕ್ಷಣವಾ, ಸ್ವಲ್ಪ ಹೊತ್ತು ಬಿಟ್ಟಾ? ಕೈ ಜೋಮು ಹಿಡಿಯುತ್ತಾ? ನಡೆಯುವಾಗ ವಾಲುತ್ತೀರಾ? ನುಂಗುವುದಕ್ಕೆ ಕಷ್ಟವಾ? ಎರಡೆರಡು ಕಾಣುತ್ತಾ? ಆಮೇಲೆ ಒಂದು ಸಣ್ಣ ದೀಪದ ಉಪಕರಣ ಹಿಡಿದು ಕಣ್ಣಿನ ಒಳಭಾಗ ನೋಡಿದರು. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನೇರ ಗೆರೆಯಲ್ಲಿ ನಡೆಸಿದರು. ಬೆರಳಿಂದ ಮೂಗು ಮುಟ್ಟಿಸಿದರು. ಕೊನೆಗೆ, "ಒಂದು ಸಲ ಕೆಮ್ಮಿ ತೋರಿಸಿ," ಅಂದರು.

"ಕೆಮ್ಮಿದ್ರೆ ನೋವು ಬರುತ್ತೆ ಡಾಕ್ಟ್ರೇ. ಬಾಯಲ್ಲಿ ಹೇಳಿದ್ರೆ ಸಾಲದಾ?"

"ನೀವು ಕಾಯಿ ಅಲ್ಲಾಡಿಸದೆ ತಗೋತೀರಾ?"

ಸೋತೆ. ಕೆಮ್ಮಿದೆ, ತಲೆ ಹಿಡಿದುಕೊಂಡೆ. ಅವರು ಗಡಿಯಾರ ನೋಡುತ್ತ ನೋವು ಇಳಿಯುವವರೆಗೆ ಕಾದರು.

"ಯಾವ್ಯಾವ ಮಾತ್ರೆ ತಗೋತಿದ್ದೀರಿ?"

"ಏನೂ ಇಲ್ಲ. ಬಿ.ಪಿ.ದೊಂದು ಬಿಟ್ರೆ."

ನಮ್ಮಲ್ಲಿ ಬಿ.ಪಿ. ಮಾತ್ರೆಯನ್ನು ಯಾರೂ ಔಷಧಿ ಎಂದು ಎಣಿಸುವುದಿಲ್ಲ. ಅದು ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ. ಡಾಕ್ಟರು ತೋರಿಸಿ ಅಂದರು. ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ.

"ಇಷ್ಟೊಂದಾ!"

"ಲಾಟಲ್ಲಿ ತಗೊಂಡೆ. ರೇಟು ಬಿಟ್ಟರು," ಅಂದೆ ಹೆಮ್ಮೆಯಿಂದ.

ನಡೆದದ್ದು ಇಷ್ಟು. ಮೊದಲು ಬೇರೆ ಡಾಕ್ಟರೊಬ್ಬರು ಬರೆದುಕೊಟ್ಟ ಮಾತ್ರೆ ಒಂದಿತ್ತು. ಅದು ದುಬಾರಿ ಅನ್ನಿಸಿತು. ಪಕ್ಕದ ಮನೆಯವರು ಬಿ.ಪಿ.ಗೆ ನುಂಗುವ ಮಾತ್ರೆ ಅಗ್ಗ. ಒಂದೇ ಗ್ರೇಡಿನ ಕೊಬ್ಬರಿ ಯಾವ ತೋಟದ್ದಾದರೇನು, ಕೊಬ್ಬರಿಯೇ ತಾನೇ? ಬಿ.ಪಿ. ಮಾತ್ರೆಯೂ ಹಾಗೇ ಅಂದುಕೊಂಡೆ. ಅವರ ಖಾಲಿ ಸ್ಟ್ರಿಪ್ ಅಂಗಡಿಯಲ್ಲಿ ತೋರಿಸಿ, ಒಟ್ಟಿಗೆ ಕೊಂಡು, ಚೌಕಾಸಿ ಮಾಡಿ ಗೆದ್ದು ಬಂದಿದ್ದೆ.

"ಈ ಕಟ್ಟು ಯಾವಾಗ ತಗೊಂಡ್ರಿ?"

"ದೀಪಾವಳಿ ಆದ್ಮೇಲೆ."

"ಕೆಮ್ಮು ಯಾವಾಗ ಶುರುವಾಯ್ತು?"

ಯೋಚಿಸಿದೆ. ತುರುವೇಕೆರೆಯಲ್ಲಿ ತಂಗಿಯ ಮಗಳ ಮದುವೆಗೆ ಹೋದಾಗ ಕೆಮ್ಮು ಇತ್ತು. ಮದುವೆ ನಡೆದದ್ದು ದೀಪಾವಳಿ ಮುಗಿದು ತಿಂಗಳಾದ ಮೇಲೆ. ಅಲ್ಲಿ ಒಂದು ವಾರ ಇದ್ದೆ. ಒಂದು ಅಟ್ಟ ಹತ್ತಿರಲಿಲ್ಲ, ಒಂದು ಸಿಪ್ಪೆ ಮುಟ್ಟಿರಲಿಲ್ಲ. ಆದರೂ ಕೆಮ್ಮು ಒಂದು ಚೂರೂ ಕಡಿಮೆಯಾಗಿರಲಿಲ್ಲ! ದಿನವಿಡೀ ಆ ಧೂಳಲ್ಲೇ ಕೂತು ಸಿಪ್ಪೆ ಸುಲಿಯುವ ನಮ್ಮ ಆಳುಗಳಿಗೆ ಹೀಗೆ ಕೆಮ್ಮಿಲ್ಲ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ?

"ಈ ಜಾತಿಯ ಬಿ.ಪಿ. ಮಾತ್ರೆ ಕೆಲವರಿಗೆ ಒಣ ಕೆಮ್ಮು ತರುತ್ತೆ," ಅಂದರು ಡಾಕ್ಟರು. "ಮಾತ್ರೆ ಕೆಟ್ಟದ್ದಲ್ಲ. ಪಕ್ಕದ ಮನೆಯವರಿಗೆ ಒಗ್ಗಿದೆ, ನಿಮಗೆ ಒಗ್ಗಿಲ್ಲ ಅಷ್ಟೇ. ಬೇರೆ ಜಾತಿದು ಬರೆದುಕೊಡ್ತೀನಿ. ಎರಡೆರಡು ನುಂಗೋದು ಮಾತ್ರ ಇನ್ನು ಮೇಲೆ ಬೇಡ ಕಣ್ರೀ, ಬಿದ್ದು ಸಾಯ್ತೀರಿ."

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಧೂಳಲ್ಲ! ಅಟ್ಟ ಬಿಡಬೇಕಿಲ್ಲ! ಅವರು ಕೈಸನ್ನೆ ಮಾಡಿ ಕೂರಿಸಿದರು.

"ತಲೆಗೆ ಎಂ.ಆರ್.ಐ. ಆಗಬೇಕು."

"ಯಾಕೆ? ಕೆಮ್ಮು ಹೋದ್ರೆ ತಲೆನೋವೂ ಹೋಯ್ತಲ್ಲ."

"ಕೆಮ್ಮು ಯಾಕೆ ಬಂತು ಅನ್ನೋದು ಗೊತ್ತಾಯ್ತು. ಕೆಮ್ಮಿದರೆ ತಲೆ ಯಾಕೆ ನೋಯುತ್ತೆ ಅನ್ನೋದು ಗೊತ್ತಾಗಿಲ್ಲ. ಎಲ್ಲರೂ ಕೆಮ್ಮುತ್ತಾರೆ, ಎಲ್ಲರಿಗೂ ಹೀಗೆ ನೋಯುತ್ತಾ? ಬಹಳ ಜನಕ್ಕೆ ಒಳಗೆ ಏನೂ ಇರಲ್ಲ. ಕೆಲವರಿಗೆ ಮೆದುಳಿನ ಹಿಂಭಾಗ ಕುತ್ತಿಗೆಯ ಕಡೆ ಜಾರಿರುತ್ತೆ, ಕೆಲವರಿಗೆ ಗಡ್ಡೆ ಇರುತ್ತೆ. ಹೊರಗಿನಿಂದ ನೋಡಿ ಹೇಳೋಕಾಗಲ್ಲ."

"ಒಂದು ತಿಂಗಳು ನೋಡೋಣ, ಆಮೇಲೆ ಮಾಡಿಸ್ತೀನಿ."

"ಇಲ್ಲ."

"ಹದಿನೈದು ದಿನ?"

"ಇದರಲ್ಲಿ ಚೌಕಾಸಿ ಇಲ್ಲ ಕಣ್ರೀ."

ನನ್ನ ಜೀವನದಲ್ಲಿ ಮೊದಲ ಮಾತಿಗೇ ನಿಂತ ರೇಟು ಅದೊಂದೇ. ತುಮಕೂರಿನ ಸ್ಕ್ಯಾನಿಂಗ್ ಸೆಂಟರಿಗೆ ಅವರೇ ಫೋನ್ ಮಾಡಿ ದಿನ ಗೊತ್ತು ಮಾಡಿದರು.

ಆ ದಿನ ಬೆಳಿಗ್ಗೆ ಟೆಂಪೋ ಭಾಯ್ ತನ್ನ ಭಾಮೈದನ ಕಾರು ತಂದು ನಿಲ್ಲಿಸಿದ್ದ. ಮನೆಯವರು ಹಿಂದೆ ಕೂತಿದ್ದರು. ನಾನು ಬಾಗಿಲು ಹಾಕುವಷ್ಟರಲ್ಲಿ ಹಾಲ್ಕುರಿಕೆಯಿಂದ ಫೋನು.

"ಮಾಲು ಮಾಗೈತೆ ಕಣವ್ವಾ. ಇವತ್ತು ಇಳಿಸ್ತೀನಿ. ನಿನ್ನ ಎದುರಾಳಿ ಆಗ್ಲೇ ಏಣಿ ಹತ್ರ ನಿಂತವ್ನೆ. ಬತ್ತೀಯೋ?"

"ನಾಳೆ ಬತ್ತೀನಿ ಯಜಮಾನ್ರೇ."

"ನಾಳೆ ಆಗಲ್ಲ, ಆಳುಗಳು ಬಂದವ್ರೆ. ಮೊದ್ಲು ನಿಂಗೇ ಫೋನ್ ಮಾಡಿವ್ನಿ ನೋಡು."

ಕಾರಿನ ಬಾಗಿಲು ಹಿಡಿದು ನಿಂತೆ. ಆ ಮಾಲಿನ ಸದ್ದು ಕಿವಿಯಲ್ಲೇ ಇತ್ತು. ಭಾಯ್ ಹಾಲ್ಕುರಿಕೆಗೋ ತುಮಕೂರಿಗೋ ಎನ್ನುವ ಹಾಗೆ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಕೆಮ್ಮಿನ ಕಾರಣ ಸಿಕ್ಕಿದೆ, ಹೊಸ ಮಾತ್ರೆ ಶುರುವಾಗಿದೆ, ಸ್ಕ್ಯಾನು ನಾಳೆ ನಾಡಿದ್ದು ಆದರೇನು ಅನ್ನಿಸಿತು. ಅಷ್ಟರಲ್ಲಿ ನನ್ನ ಕೆಲಸವೇ ನನಗೆ ಬುದ್ಧಿ ಹೇಳಿತು. ಏಣಿ ಪಕ್ಕದ ಒಂದು ಕಾಯಿ ಚೆನ್ನಾಗಿ ಸದ್ದು ಮಾಡಿತೆಂದು ಇಡೀ ಅಟ್ಟಕ್ಕೆ ರೇಟು ಹೇಳುವವರನ್ನು ನೋಡಿ ನಗುತ್ತಿದ್ದವಳು ನಾನು. ಈಗ ನಾನು ಮಾಡಹೊರಟದ್ದೂ ಅದೇ ಅಲ್ಲವಾ?

"ಮಾಲು ಅವನಿಗೇ ಕೊಡಿ ಯಜಮಾನ್ರೇ. ನಾನಿವತ್ತು ನನ್ನ ಅಟ್ಟ ನೋಡಾಕೆ ಹೊಂಟಿವ್ನಿ."

ಸ್ಕ್ಯಾನಿಂಗ್ ಸೆಂಟರಿನಲ್ಲಿ ಲೋಹದ್ದು ಏನೂ ಮೈಮೇಲೆ ಇರಬಾರದು. ತಾಳಿ, ಓಲೆ, ಬಳೆ, ಕಾಲುಂಗುರ ಎಲ್ಲ ಮನೆಯವರ ಕರ್ಚೀಫಿಗೆ ಹೋಯಿತು. ಮೂಗುಬೊಟ್ಟು ಮಾತ್ರ ಬರಲಿಲ್ಲ. ಸೋಪು ಹಚ್ಚಿ ನರ್ಸಮ್ಮ ತಿರುಗಿಸಿ ತಿರುಗಿಸಿ ತೆಗೆದರು. ಅದಕ್ಕೆ ಸೀನು ಬಂತು, ಸೀನಿಗೆ ಮಚ್ಚು ಬಿತ್ತು. ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು, ಕಷ್ಟವಾದರೆ ಒತ್ತಿ, ಅಲ್ಲಾಡಬೇಡಿ ಎಂದು ಹೇಳಿ ಕೊಳವೆಯೊಳಗೆ ತಳ್ಳಿದರು.

ಆಗ ತಾನೆ ನನಗೆ ಗೊತ್ತಾದದ್ದು: ಒಣ ಕೆಮ್ಮಿನವಳು ಅಲ್ಲಾಡದೆ ಮಲಗುವುದು ಹೇಗೆ? ಒಳಗೆ ಕಾಯಿ ಒಡೆಯುವ ಕಣದ ಹಾಗೆ ಟಕಟಕ ಸದ್ದು. ಗಂಟಲಲ್ಲಿ ನವೆ ಏರಿತು. ತಡೆದೆ, ತಡೆದೆ, ಆಗಲಿಲ್ಲ. ಕೆಮ್ಮಿದೆ. ಚಿತ್ರ ಹಾಳಾಯಿತು, ಮೊದಲಿಂದ ಶುರು. ಎರಡನೆಯ ಸಲವೂ ಅದೇ. ಮೂರನೆಯದಕ್ಕೆ ಸ್ಕ್ಯಾನು ತೆಗೆಯುವ ಹುಡುಗ ಹೊರಗೆಳೆದು, "ಇನ್ನೊಂದು ದಿನ ಬನ್ನಿ ಅಮ್ಮ," ಅಂದ.

ಇನ್ನೊಂದು ದಿನವೇ! ಒಂದು ಅಟ್ಟ ಬಿಟ್ಟು ಬಂದವಳಿಗೆ ಹೇಳುವ ಮಾತೇ ಅದು? "ತಮ್ಮಾ, ಈ ಸದ್ದು ನಡು ನಡುವೆ ನಿಲ್ಲುತ್ತಲ್ಲ, ಆಗ ಚಿತ್ರ ತೆಗೀತಾ ಇರ್ತೀಯ?"

"ಇಲ್ಲಮ್ಮ, ಒಂದು ಮುಗಿದು ಇನ್ನೊಂದು ಶುರುವಾಗೋ ಗ್ಯಾಪು."

"ಆ ಗ್ಯಾಪಲ್ಲಿ ಕೆಮ್ಮಿದ್ರೆ?"

ಅವನು ತಲೆ ಕೆರೆದುಕೊಂಡ. "ತಲೆ ಜಾಗ ಬಿಟ್ಟು ಹೋಗಬಾರದು, ಅಷ್ಟೇ."

"ಹಂಗಾದ್ರೆ ಹೀಗೆ ಮಾಡಣ. ಎರಡು ಗುಟುಕು ಬಿಸಿನೀರು ಕೊಡು. ಸದ್ದು ಇದ್ದಷ್ಟು ಹೊತ್ತು ನಾನು ಕಲ್ಲು. ನಿಂತ ತಕ್ಷಣ ನೀನು ಮೈಕಲ್ಲಿ 'ಹೂಂ' ಅನ್ನು, ಮೆತ್ತಗೆ ಕೆಮ್ಮಿಕೊಳ್ತೀನಿ. ಮುಂದಿನದು ಶುರು ಮಾಡೋಕೆ ಮುಂಚೆ ಇನ್ನೊಂದು ಸಲ ಹೇಳು."

ನಕ್ಕು ಒಪ್ಪಿಕೊಂಡ. ತಲೆಯ ಎರಡೂ ಪಕ್ಕಕ್ಕೆ ಸ್ಪಂಜು ಒತ್ತಿ ಮತ್ತೆ ಒಳಗೆ ಕಳಿಸಿದ. "ಹೂಂ" ಅಂದಾಗ ಕೆಮ್ಮುವುದು, ಏಟು ತಿನ್ನುವುದು, ನೋವಿನ ಜೊತೆಯಲ್ಲೇ ಕಲ್ಲಾಗಿ ಮಲಗುವುದು. ಅಷ್ಟು ಕಷ್ಟದ ಚೌಕಾಸಿ ನಾನು ಯಾರ ಜೊತೆಗೂ ಮಾಡಿಲ್ಲ, ನನ್ನ ಗಂಟಲ ಜೊತೆ ಮಾಡಿದೆ. ಚಿತ್ರ ಬಂತು.

ತಿಪಟೂರಿನ ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು ನೋಡುವಾಗ ನಾನು ಅವರ ಮುಖ ಓದುತ್ತಿದ್ದೆ. ಮಾರುವವರ ಮುಖ ಓದುವುದೇ ನನ್ನ ಕಸುಬು. ಅವರು ಏನೂ ಬಿಟ್ಟುಕೊಡಲಿಲ್ಲ. ರಿಪೋರ್ಟು ಓದಿ, ಫಿಲಂ ಇನ್ನೊಂದು ಸಲ ನೋಡಿ, ಕೆಳಗಿಟ್ಟರು.

"ಗಡ್ಡೆ ಇಲ್ಲ. ಏನೂ ಜಾರಿಲ್ಲ. ರಕ್ತನಾಳ ಸರಿಯಾಗಿದೆ. ಕೆಮ್ಮಿನಿಂದಲೇ ಬರುವ ತಲೆನೋವು, ಅಪಾಯ ಇಲ್ಲದ ಜಾತಿದು."

ಮನೆಯವರು ಕರ್ಚೀಫು ಕಣ್ಣಿಗೆ ಒತ್ತಿಕೊಂಡರು. ಕೆಮ್ಮುವಾಗ ಎದೆ ಹೊಟ್ಟೆಯ ಒತ್ತಡ ಒಂದು ಕ್ಷಣ ತಲೆಗೂ ಏರುತ್ತದೆ, ಕೆಲವರ ತಲೆ ಅದನ್ನು ನೋವಾಗಿ ತೋರಿಸುತ್ತದೆ ಎಂದು ಡಾಕ್ಟರು ವಿವರಿಸಿದರು. ಇದಕ್ಕೆಂದೇ ಹೆಸರಾದ ಇಂಡೊಮೆಥಾಸಿನ್ ಎಂಬ ಮಾತ್ರೆ ಬರೆದರು. ಸಣ್ಣ ಪ್ರಮಾಣ, ಊಟದ ಮೇಲೆ, ಹೊಟ್ಟೆ ಕಾಯಲು ಇನ್ನೊಂದು ಮಾತ್ರೆಯ ಜೊತೆಗೆ. ಅದು ಬಿ.ಪಿ. ಏರಿಸಬಹುದು, ಕಿಡ್ನಿಗೂ ಭಾರ. ಅದಕ್ಕೆ ಮೊದಲೇ ರಕ್ತ ಪರೀಕ್ಷೆ, ಬಂದು ಬಂದು ಬಿ.ಪಿ. ನೋಡಿಸುವುದು, ಕೆಮ್ಮು ನಿಂತ ಮೇಲೆ ಬಿಡುವುದು.

ಕೆಮ್ಮು ಮಾತ್ರ ಹಟ ಹಿಡಿಯಿತು. ಒಂದು ವಾರ ಕಳೆದರೂ ಇತ್ತು. ಮಾಲು ಹೇಳಿದ ದಿನಕ್ಕೆ ಬರದಿದ್ದರೆ ನನಗೆ ಸಹಿಸಲಾಗುವುದಿಲ್ಲ. ಡಾಕ್ಟರ ಮುಂದೆ ಹೋಗಿ ಜಗಳಕ್ಕೆ ನಿಂತೆ. "ವಾರಗಳೇ ಹಿಡಿಯಬಹುದು ಅಂದಿದ್ದೆನಲ್ಲ," ಅಂದರು ನಗುತ್ತಾ. ಆದರೆ ಅಷ್ಟರೊಳಗೆ ಒಂದು ಬೆಳಿಗ್ಗೆ, ಹಲ್ಲುಜ್ಜುವಾಗ ಕೆಮ್ಮು ಒತ್ತರಿಸಿಕೊಂಡು ಬಂದಿತ್ತು. ಅಭ್ಯಾಸದಂತೆ ಗೋಡೆ ಹಿಡಿದು, ಕಣ್ಣು ಮುಚ್ಚಿ, ಏಟಿಗೆ ಕಾದೆ. ಬೀಳಲಿಲ್ಲ. ಬೇಕೆಂದೇ ಇನ್ನೊಮ್ಮೆ ಕೆಮ್ಮಿದೆ. ಇಲ್ಲ! ಜೋರಾಗಿ ಕೆಮ್ಮಿದೆ. ಏನೂ ಇಲ್ಲ! ಬಚ್ಚಲಿಂದ ಮನೆಯವರನ್ನು ಕೂಗಿದೆ, ಅವರು ಬಿದ್ದೆನೇನೋ ಎಂದು ಓಡಿಬಂದರು. "ಕೆಮ್ಮುತೀನಿ ನೋಡಿ, ಕೆಮ್ಮುತೀನಿ ನೋಡಿ!" ಎಂದು ಅವರ ಮುಂದೆ ಕೆಮ್ಮಿ ತೋರಿಸಿದೆ. ಕೆಲವು ವಾರಗಳಲ್ಲಿ ಕೆಮ್ಮೂ ಸವೆದು ಸವೆದು ಹೋಯಿತು. ಡಾಕ್ಟರು ಹೇಳಿದ ಹಾಗೆ ನೋವಿನ ಮಾತ್ರೆಯನ್ನೂ ಬಿಟ್ಟೆ. ನೋವು ಮರಳಲಿಲ್ಲ.

ಆದರೂ ಒಂದು ಪರೀಕ್ಷೆ ಉಳಿದಿತ್ತು. ಶೆಟ್ಟಿಕೆರೆಯ ಒಬ್ಬ ತೋಟದಮ್ಮ ಮಾಲು ನೋಡಲು ಕರೆದರು. ಅಟ್ಟ ಹತ್ತಿ, ಮೂಲೆಗೆ ತೆವಳಿ, ರಾಶಿಯ ಅಡಿಯಿಂದ ಒಂದು ಕಾಯಿ ಎಳೆದೆ. ವರ್ಷದ ಧೂಳು ಬುಸ್ಸೆಂದು ಎದ್ದು ಮುಖಕ್ಕೇ ಬಂತು. ಇದು ಮಾತ್ರೆಯ ಕೆಮ್ಮಲ್ಲ, ಅಪ್ಪಟ ಅಟ್ಟದ ಕೆಮ್ಮು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆ. ಕೆಳಗೆ ಭಾಯ್ ಏಣಿ ಹಿಡಿದು ಉಸಿರು ಬಿಗಿಹಿಡಿದಿದ್ದ.

"ಅಕ್ಕಾ?"

"ಏನೂ ಇಲ್ಲ ಭಾಯ್! ಮಚ್ಚು ಬೀಳಲಿಲ್ಲ!"

ನಗು ಬಂತು, ಬಿಟ್ಟು ನಕ್ಕೆ. ಅದಕ್ಕೂ ಬೀಳಲಿಲ್ಲ. ಕಾಯಿ ಕಿವಿಗೆ ಹಿಡಿದೆ, ಗಡಗಡ ಅಂದಿತು.

ತೋಟದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೇಲೆ ನೋಡಿದರು. "ಅಷ್ಟು ಖುಷಿ ಆಗೈತೆ ಅಂದ್ರೆ ಮಾಲು ಚೆನ್ನಾಗೈತೆ ಅಂತಲೇ ಅರ್ಥ ಕಣಮ್ಮಾ. ನನ್ನ ರೇಟು ಒಂದು ರೂಪಾಯಿನೂ ಇಳಿಯಲ್ಲ."

ಆ ನಗುವಿಗೂ ಬೆಲೆ ಕೊಟ್ಟೆ, ಸಂತೋಷವಾಗಿ ಕೊಟ್ಟೆ.

ಈಗ ನಿಮಗೆ ನಾಲ್ಕು ಮಾತು. ಕೆಮ್ಮಿದಾಗ, ಸೀನಿದಾಗ, ಬಗ್ಗಿ ಭಾರ ಎತ್ತಿದಾಗ ತಲೆ ಸಿಡಿದರೆ, ನಿಮಿಷದಲ್ಲಿ ಹೋಯಿತಲ್ಲ ಎಂದು ಸುಮ್ಮನಿರಬೇಡಿ, ಒಂದು ಸಲ ಡಾಕ್ಟರ ಮುಂದೆ ಕೂರಿ. ನೋವು ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಷ್ಟು ಜೋರಾಗಿ ಬಂದರೆ, ಇಳಿಯದೆ ನಿಂತರೆ, ಜೊತೆಗೆ ಕೈಕಾಲು ಸೋತರೆ, ಮಾತು ತೊದಲಿದರೆ, ವಾಲಾಡಿದರೆ ಕೂರಬೇಡಿ, ಆಸ್ಪತ್ರೆಗೆ ಓಡಿ. ನುಂಗುವ ಎಲ್ಲ ಮಾತ್ರೆಯನ್ನೂ ಒಂದು ಚೀಲಕ್ಕೆ ಹಾಕಿ ತಗೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಮಾತ್ರೆಯಲ್ಲ ಅಂದುಕೊಂಡದ್ದನ್ನೂ ಸುರಿಯಿರಿ. ಆದರೆ ನನ್ನ ಕಥೆ ಓದಿ ನಿಮ್ಮ ಬಿ.ಪಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನನಗೆ ಒಗ್ಗಿದ ಮಾತ್ರೆಯನ್ನು ನೀವು ಕೊಳ್ಳಬೇಡಿ. ಅದೇ ತಪ್ಪಿನಿಂದ ತಾನೇ ನಾನು ಕೆಟ್ಟದ್ದು? ಕೊಬ್ಬರಿಗೆ ಚೌಕಾಸಿ ಮಾಡಿ, ಟೆಂಪೋ ಬಾಡಿಗೆಗೆ ಮಾಡಿ, ಬೇಕಾದರೆ ಸ್ಕ್ಯಾನಿನ ಹುಡುಗನ ಹತ್ತಿರ ಕೆಮ್ಮುವ ಗ್ಯಾಪಿಗೂ ಮಾಡಿ. ಡಾಕ್ಟರು ಒಳಗೆ ನೋಡಬೇಕು ಅಂದರೆ ಮಾತ್ರ ಅವರು ಹೇಳಿದ ದಿನವೇ ಹೊರಡಿ. ಅಷ್ಟರಲ್ಲಿ ಫೋನು ಬಂದರೆ, ಮಾಲು ಬೇರೆಯವರಿಗೆ ಕೊಡಿ ಅಂದುಬಿಡಿ.